ಹುಸಿ ಚಳಿ

ಫ್ರೀಜರಿನಿಂದ ಕಾಯಿತುರಿಯ ಡಬ್ಬಿ ತೆಗೆದು, ಚಾಕುವಿನ ಹಿಡಿಯಿಂದ ಅಮ್ಮ ಅದರ ಬೆನ್ನಿಗೆ ನಾಲ್ಕು ಬಿಗಿಯುವುದು ನಮ್ಮ ಮನೆಯ ಬೆಳಗಿನ ಸದ್ದು. ಒಂದು ದಿನ ಆ ಸದ್ದೇ ಇಲ್ಲ. ಚಮಚ ಸಲೀಸಾಗಿ ಇಳಿದಿತ್ತು.

“ಫ್ರೀಜರ್ ಕೆಟ್ಟಿದೆ ಕಣೋ.”

ನಾನು ಬಾಗಿಲ ಮೇಲಿನ ಅಂಕಿ ನೋಡಿದೆ. ಮೈನಸ್ 18. ಇರಬೇಕಾದ್ದೇ ಅಷ್ಟು. ಟ್ರೇಯಲ್ಲಿ ಐಸೂ ಕಲ್ಲಿನ ಹಾಗಿತ್ತು. ಹೊಳೆಯುವ ಅಂಕಿಯ ಮುಂದೆ ಅಮ್ಮನ ಚಮಚದ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಮೂರನೇ ದಿನ ಐಸ್‌ಕ್ರೀಮು ಶ್ರೀಖಂಡವಾಯಿತು. ನೀರು ಸೊನ್ನೆಯವರೆಗೂ ಬಿಗಿಯಾಗಿಯೇ ಇರುತ್ತದೆ. ಸಕ್ಕರೆ ಬೆರೆತದ್ದು ಮಾತ್ರ ಬೇಗ ಬಾಯಿ ಬಿಡುತ್ತದೆ. ಅಡುಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಒಳಗೆ ಬರೀ ಮೈನಸ್ 8.

ಬಂದ ಮೆಕ್ಯಾನಿಕ್ ಚಪ್ಪಲಿ ಬಿಡುವ ಮೊದಲೇ “ಗ್ಯಾಸ್ ಹೋಗಿದೆ ಸಾರ್” ಎಂದರು. ಗ್ಯಾಸ್ ಹೋಗಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಬೇಕಲ್ಲ? ನಮ್ಮದು ಸ್ವಲ್ಪ ಹೊತ್ತು ಗುರುಗುಟ್ಟಿ ಹಾಯಾಗಿ ಮಲಗುತ್ತಿತ್ತು. ಕೆಲಸ ಮುಗಿಯಿತೆಂದು ಯಾರೋ ಅದರ ಕಿವಿ ಊದುತ್ತಿದ್ದರು.

ಪ್ಲಗ್ ಕಿತ್ತು ಒಳಗೋಡೆಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಾಗ ಆ ಯಾರೋ ಸಿಕ್ಕ. ಎರಡು ತಂತಿಯ ತುದಿಗೆ ಅವರೆಕಾಳಿನಷ್ಟು ಸೆನ್ಸರ್. ಥರ್ಮಿಸ್ಟರ್ ಎನ್ನುತ್ತಾರೆ. ಬೆಚ್ಚಗಿದ್ದರೆ ಕರೆಂಟನ್ನು ಧಾರಾಳವಾಗಿ ಬಿಡುತ್ತದೆ. ಚಳಿಯಾದಷ್ಟೂ ಮುದುಡಿಕೊಂಡು ತಡೆಯುತ್ತದೆ, ಮಾಘದ ಬೆಳಗ್ಗೆ ಹಾಸಿಗೆ ಬಿಡದ ನನ್ನ ಹಾಗೆ. ಈ ತಡೆಯ ಅಳತೆಯೇ ಓಮ್. ನಮ್ಮದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುವ ಜಾತಿ. ಸೊನ್ನೆಯಲ್ಲಿ 33ರ ಆಸುಪಾಸು, ಮೈನಸ್ 18ರಲ್ಲಿ 90ರ ಮೇಲೆ. ಫ್ರಿಜ್ಜನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಚಳಿ ಎಂದರೇನೆಂದು ಗೊತ್ತೇ ಇಲ್ಲ; ಅದಕ್ಕೆ ತಿಳಿಯುವುದು ಈ ಓಮಿನ ಲೆಕ್ಕ ಮಾತ್ರ.

ಪರೀಕ್ಷೆಗೆ ಸೊನ್ನೆ ಡಿಗ್ರಿಯನ್ನು ಎಲ್ಲಿಂದ ತರುವುದು? ಲೋಟದ ತುಂಬ ಕುಟ್ಟಿದ ಐಸು, ಅದು ನೆನೆಯುವಷ್ಟು ನೀರು, ಚೆನ್ನಾಗಿ ಕಲಕಿದರೆ ಸೊನ್ನೆ ಸಿದ್ಧ. ಇಷ್ಟು ಅಗ್ಗದ, ಇಷ್ಟು ಕರಾರುವಾಕ್ಕಾದ ಅಳತೆಗೋಲು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಸೆನ್ಸರನ್ನು ಅದರಲ್ಲಿ ಮುಳುಗಿಸಿ, ಐದು ನಿಮಿಷ ಕಾದು, ಓಮ್ ಅಳೆಯುವ ಮಲ್ಟಿಮೀಟರಿನ ಕಡ್ಡಿ ತಾಗಿಸಿದೆ. 33ರ ಬದಲು 60 ಕಿಲೋ ಓಮ್! ಸೊನ್ನೆಯ ನೀರಲ್ಲಿ ಕೂತು ಮೈನಸ್ 10ರ ಚಳಿಗೆ ನಡುಗುವ ನಾಟಕ. ಬೋರ್ಡು ಪಾಪ, ನಂಬಿತ್ತು. ನಾನೂ ನಂಬಿದ್ದೆ, ನನಗೆ ಪಾಪ ಎನ್ನುವವರಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ “ಟೆನ್ ಕೆ ನಾ?” ಎಂದು ಕೇಳಿ, ತಲೆಯೆತ್ತದೆ ಒಂದು ಸೆನ್ಸರ್ ಕೊಟ್ಟರು. ಅದಕ್ಕಿಂತ ಪಾರ್ಕ್ ಮಾಡಲು ಜಾಗ ಹುಡುಕಿದ ಸ್ಕೂಟರಿನ ಪೆಟ್ರೋಲೇ ದುಬಾರಿ ಎನಿಸಿತು. ತಂತಿ ಬೆಸೆದು, ತೇವ ಒಳಗೆ ಹೋಗದಂತೆ ಕಾಯಿಸಿದರೆ ಬಿಗಿಯುವ ಸ್ಲೀವ್ ಹಾಕಿದೆ. ಫ್ರಿಜ್ ಹಾಕಿದಾಗ ಅಂಕಿ ಮೈನಸ್ 3 ಎಂದು ನಿಜ ಒಪ್ಪಿಕೊಂಡಿತು. ಕಂಪ್ರೆಸರ್ ರಾತ್ರಿಯೆಲ್ಲ ಬಾಕಿ ತೀರಿಸಿತು.

ಬೆಳಗ್ಗೆ ಅಡುಗೆಮನೆಯಿಂದ ನಾಲ್ಕಲ್ಲ, ಎಂಟು ಏಟು ಕೇಳಿತು. ಆಮೇಲೆ ಅಮ್ಮನ ದನಿ:

“ಇಷ್ಟೊಂದು ಗಟ್ಟಿ ಮಾಡು ಅಂತ ಯಾರು ಹೇಳಿದ್ರೋ ನಿಂಗೆ?”