ಬಣ್ಣದ ಹಿಂದಿನ ಸಂಸಾರ

ಮನೆಯಲ್ಲಿ ನಮ್ಮೊಡನೆ ಬಾಡಿಗೆಯಿಲ್ಲದೆ ವಾಸಿಸುವ ಜೀವಿಗಳಲ್ಲಿ ಹೆಚ್ಚಿನವು ತಮ್ಮ ಇರವನ್ನು ಮುಚ್ಚಿಡುವುದಿಲ್ಲ. ಹಲ್ಲಿ ಲೊಚಗುಟ್ಟುತ್ತದೆ, ಇಲಿ ಅಟ್ಟದ ಮೇಲೆ ರಾತ್ರಿಯಿಡೀ ಓಡಾಡುತ್ತದೆ, ಇರುವೆಯಂತೂ ಸಕ್ಕರೆ ಡಬ್ಬಿಯ ತನಕ ಸಾಲುಗಟ್ಟಿಯೇ ಬರುತ್ತದೆ. ಗೆದ್ದಲಿನ ರೀತಿಯೇ ಬೇರೆ. ಬಾಗಿಲಿನ ಚೌಕಟ್ಟನ್ನು ಅದು ಒಳಗಿನಿಂದ ತಿಂಗಳುಗಟ್ಟಲೆ ತಿನ್ನುತ್ತಿದ್ದರೂ ಹೊರಗಿನ ಬಣ್ಣಕ್ಕೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳುತ್ತದೆ. ನಾವು ಹಬ್ಬ ಬಂದಾಗಲೆಲ್ಲ ಅದೇ ಚೌಕಟ್ಟಿಗೆ ತೋರಣ ಕಟ್ಟುತ್ತೇವೆ, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ, ನೆಂಟರ ಮುಂದೆ ‘ಅಸಲಿ ತೇಗ’ ಎಂದು ಹೇಳಿಕೊಳ್ಳುತ್ತೇವೆ. ತೋರಣಕ್ಕೆಂದು ಹೊಡೆಯಹೊರಟ ಮೊಳೆ ಸುತ್ತಿಗೆಯನ್ನು ಕಾಯದೆ ಬೆರಳಿನ ಒತ್ತಿಗೇ ಪೂರ್ತಿ ಒಳಗೆ ಹೋದ ದಿನ, ಮರದ ಜಾತಿಯ ಬಗ್ಗೆ ಮಾರಿದವನು ಹೇಳಿದ್ದೂ ನಾವು ನಂಬಿದ್ದೂ ಒಟ್ಟಿಗೆ ಇತ್ಯರ್ಥವಾಗುತ್ತವೆ.

ಹೊರಮೈಯನ್ನು ಉಳಿಸುವ ಈ ಶ್ರದ್ಧೆ ಅದಕ್ಕೆ ನಮ್ಮ ಮೇಲಿರುವ ಗೌರವದಿಂದ ಬಂದದ್ದಲ್ಲ. ಗೆದ್ದಲಿನ ಮೈ ಮೆತ್ತಗಿನದು, ಚರ್ಮ ತೀರ ತೆಳುವಾದದ್ದು. ಒಣಗಾಳಿ ತಾಗಿದರೆ ಬೇಗನೆ ಒಣಗಿ ಸಾಯುತ್ತದೆ. ಬಯಲಿಗೆ ಬಂದರೆ ಹೊತ್ತೊಯ್ಯಲು ಇರುವೆಗಳು ಕಾದಿರುತ್ತವೆ. (ನೋಡಲು ಬಿಳಿಯ ಇರುವೆಯಂತಿದ್ದರೂ ಗೆದ್ದಲು ಇರುವೆಯ ಬಂಧುವಲ್ಲ, ಜಿರಲೆಯ ಬಂಧು, ವಿಜ್ಞಾನಿಗಳು ಈಗ ಅವೆರಡನ್ನೂ ಒಂದೇ ಗಣದಲ್ಲಿ ಸೇರಿಸಿದ್ದಾರೆ. ಈ ವಂಶಾವಳಿಯಿಂದ ಮನೆಯವರಿಗೆ ಸಮಾಧಾನವೇನೂ ಆಗಲಿಕ್ಕಿಲ್ಲ.) ಆದ್ದರಿಂದ ಮರದೊಳಗಿನ ಕತ್ತಲೆಯನ್ನೂ ತೇವವನ್ನೂ ಕಾಪಾಡುವ ಬಣ್ಣದ ಪೊರೆ ಅದರ ಪಾಲಿಗೆ ಪ್ರಾಣರಕ್ಷಕ, ನಮ್ಮ ಪಾಲಿಗೆ ಮಾನರಕ್ಷಕ. ಮನೆಯವರೂ ಗೆದ್ದಲೂ ಬೇರೆ ಬೇರೆ ಕಾರಣಗಳಿಗಾಗಿ ಒಂದೇ ಬಣ್ಣವನ್ನು ಕಾಯುತ್ತಿರುವುದರಿಂದಲೇ ವಿಷಯ ಬಯಲಾಗಲು ಅಷ್ಟು ತಡವಾಗುತ್ತದೆಂದು ನನ್ನ ಅನುಮಾನ.

ಹಾಗೆಂದು ಅದು ಗುರುತೇ ಬಿಡುವುದಿಲ್ಲವೆಂದಲ್ಲ. ನೆಲದೊಳಗಿನ ಗೂಡಿನಿಂದ ಮರದ ತನಕ ಹೋಗಬೇಕಾದರೆ ನಡುವೆ ಇಟ್ಟಿಗೆ, ಸಿಮೆಂಟು, ಕಲ್ಲು ಎದುರಾಗುತ್ತವೆ. ಆ ಬಯಲನ್ನು ದಾಟಲು ಅದು ಮಣ್ಣಿನ ಕೊಳವೆ ಕಟ್ಟಲೇಬೇಕು. ಗೋಡೆಯ ಬುಡದಿಂದ ಮೇಲಕ್ಕೆ ಪೆನ್ಸಿಲ್ ದಪ್ಪಕ್ಕೆ ಅಂಕುಡೊಂಕಾಗಿ ಏರಿದ ಕೆಂಪು ಅಥವಾ ಕಂದು ಮಣ್ಣಿನ ಗೆರೆ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಒಂದು ಊದುಬತ್ತಿಯ ಕಡ್ಡಿಯಿಂದ ಆ ಗೆರೆಯನ್ನು ಬೆರಳಗಲದಷ್ಟು ಕೆದಕಿ ನೋಡಬೇಕು. ಒಳಗೆ ಬಿಳಿಚಿಕೊಂಡ ಪುಟ್ಟ ಹುಳುಗಳು ಗಡಿಬಿಡಿಯಿಂದ ಹಿಂದೆ ಸರಿಯುತ್ತವೆ. ತಲೆ ಮಾತ್ರ ಕಂದಾಗಿರುವ, ಚಿಮ್ಮಟದಂಥ ದವಡೆಯ ಸೈನಿಕರು ಒಡೆದ ಜಾಗಕ್ಕೆ ಬಂದು ತಲೆಯನ್ನೇ ಅಡ್ಡ ಇಟ್ಟು ನಿಲ್ಲುತ್ತವೆ. ಅವುಗಳ ಹಿಂದಿನಿಂದ ಕೆಲಸಗಾರ ಹುಳುಗಳು ಒಂದೊಂದು ಮಣ್ಣಿನ ಕಣವನ್ನು ಜೊಲ್ಲಿನಲ್ಲಿ ಕಲಸಿ ತಂದು ಅಂಚಿಗೆ ಒತ್ತುತ್ತವೆ. ಇಷ್ಟೆಲ್ಲವನ್ನೂ ಮಾಡುವ ಆ ಕೆಲಸಗಾರರಿಗೆ ಕಣ್ಣಿಲ್ಲ. ಮರುದಿನ ಹೋಗಿ ನೋಡಿದರೆ ತೇಪೆ ಹಾಕಿದ ಜಾಗ ಮಾತ್ರ ಒದ್ದೆಯಾಗಿ, ಬಣ್ಣದಲ್ಲಿ ತುಸು ಗಾಢವಾಗಿ ಕಾಣುತ್ತದೆ. ತೇಪೆ ಬಿದ್ದಿದ್ದರೆ ಒಳಗೆ ಸಂಚಾರವಿದೆಯೆಂದು ಅರ್ಥ. ಬೀಳದಿದ್ದರೆ ಖುಷಿಪಡುವ ಮೊದಲು ಅಕ್ಕಪಕ್ಕದ ಗೋಡೆಗಳನ್ನೂ ನೋಡಬೇಕು; ಅವು ದಾರಿ ಬದಲಿಸಿರಬಹುದು.

ಎರಡನೆಯ ಗುರುತು ಕಿವಿಗೆ ಸೇರಿದ್ದು. ಅನುಭವವುಳ್ಳ ಬಡಗಿಯು ಚೌಕಟ್ಟನ್ನು ಕಣ್ಣಿನಿಂದ ನೋಡುವುದೇ ಕಡಿಮೆ. ಸ್ಕ್ರೂಡ್ರೈವರಿನ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತ ಹೋಗುತ್ತಾನೆ. ಗಟ್ಟಿ ಮರದಲ್ಲಿ ‘ಟಣ್’ ಎನ್ನುವ ಸದ್ದು ಎಲ್ಲಿ ‘ಡಬ್’ ಎಂದು ಮಂಕಾಗುತ್ತದೋ ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಾನೆ. ನಮ್ಮ ಬಚ್ಚಲಿನ ಬಾಗಿಲನ್ನು ಹೀಗೆ ಪರೀಕ್ಷಿಸಿದ ಆಚಾರ್ರು ಗೆರೆಯನ್ನು ಬುಡದಲ್ಲಲ್ಲ, ನನ್ನ ಭುಜದ ಎತ್ತರದಲ್ಲಿ ಎಳೆದು, “ಅಮ್ಮಾ, ಇದರಿಂದ ಕೆಳಗೆ ಇರೋದು ಬರೀ ಪೇಂಟು” ಎಂದರು. ಅವರ ಉಳಿ ತಾಗಿದ ಕಡೆ ಮರದ ಬದಲು ಒಳಗಿನಿಂದ ಪದರ ಪದರವಾದ ಮಣ್ಣು ಉದುರಿತು. ಮರದ ಎಳೆಗಳಲ್ಲಿ ಮೆತ್ತಗಿನದನ್ನು ತಿಂದು ಗಟ್ಟಿಯಾದದ್ದನ್ನು ಬಿಟ್ಟಿದ್ದರಿಂದ ಅದು ಹಾಳೆಗಳನ್ನು ಜೋಡಿಸಿಟ್ಟಂತೆ ಕಾಣುತ್ತಿತ್ತು.

ಮನೆಯಲ್ಲಿ ಗೆದ್ದಲು ಆರಿಸಿಕೊಳ್ಳುವ ಜಾಗಗಳಿಗೂ ಒಂದು ತರ್ಕವಿದೆ. ತೇವ, ಕತ್ತಲೆ, ಸೆಲ್ಯುಲೋಸ್ (ಮರ, ಕಾಗದಗಳಲ್ಲಿರುವ ನಾರಿನ ಅಂಶ) ಈ ಮೂರೂ ಸೇರುವಲ್ಲಿ ಅದು ಸೇರುತ್ತದೆ: ಬಚ್ಚಲಿಗೆ ಆನಿಕೊಂಡ ಗೋಡೆಯ ವಾರ್ಡ್‌ರೋಬಿನ ಬೆನ್ನು, ಸಿಂಕಿನ ಕೆಳಗಿನ ಪ್ಲೈವುಡ್, ಮೆಟ್ಟಿಲಡಿಯ ಹಳೆಯ ದಿನಪತ್ರಿಕೆಗಳು, ಮದುವೆಯ ಆಲ್ಬಂ ಇಟ್ಟ ಲಾಫ್ಟು. ನಾಲ್ಕನೆಯ ಅನುಕೂಲವೊಂದನ್ನು ನಾವೇ ಒದಗಿಸುತ್ತೇವೆ. ಅದು ಯಾರೂ ಅಲುಗಾಡಿಸದಿರುವ ಅಭಯ. ಈ ದೃಷ್ಟಿಯಿಂದ ದೇವರ ಮಂಟಪದಷ್ಟು ಸುರಕ್ಷಿತ ಸ್ಥಳ ಮನೆಯಲ್ಲಿ ಇನ್ನೊಂದಿಲ್ಲ. ದಿನವೂ ಮುಂದಿನಿಂದ ಒರೆಸಿ ಹೂ ಇಡುವ ಮಂಟಪವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಹಿಂದೆ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಪುಸ್ತಕಗಳ ಸಂಗತಿಯೂ ಹೀಗೆಯೇ. ಆಗಾಗ ಕೈಗೆತ್ತಿಕೊಳ್ಳುವ ಪಂಚಾಂಗಕ್ಕೋ ಅಡುಗೆ ಪುಸ್ತಕಕ್ಕೋ ಗೆದ್ದಲು ಹಿಡಿದದ್ದು ಅಪರೂಪ. ಸಾಲಾಗಿ ಕೊಂಡು ಗಾಜಿನ ಕಪಾಟಿನಲ್ಲಿ ಶೋಭೆಗಿಟ್ಟ ಸಂಪುಟಗಳನ್ನು ಅದು ಮೊದಲಿನಿಂದ ಕೊನೆಯವರೆಗೆ ಮುಗಿಸಿರುತ್ತದೆ. ಹಿಂದೆ ತಾಳೆಗರಿ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ ಬರೆಯುತ್ತಿದ್ದ ಪ್ರಸಿದ್ಧ ಶ್ಲೋಕದಲ್ಲಿ ಪುಸ್ತಕವು ತನ್ನನ್ನು ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎಂದು ಬೇಡಿಕೊಳ್ಳುತ್ತದೆ. ಸಾಮಾನ್ಯವಾಗಿ ಕೇಳಿಬರುವ ಈ ಪಾಠದಲ್ಲಿ ಗೆದ್ದಲಿನ ಹೆಸರಿಲ್ಲದಿರುವುದು ನನಗೆ ಸೋಜಿಗ. ಗೆದ್ದಲಿಗೆ ಮೂರ್ಖ, ಪಂಡಿತ ಎಂಬ ಭೇದವಿಲ್ಲ. ರೊಕ್ಕದ ಮೇಲೂ ಮೋಹವಿಲ್ಲ. 2011ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ ಸುಮಾರು 1 ಕೋಟಿ ರೂಪಾಯಿಯ ನೋಟುಗಳನ್ನು ಅದು ಬರೀ ಕಾಗದವೆಂದು ತಿಂದುಹಾಕಿತ್ತು.

ವರ್ಷಕ್ಕೊಮ್ಮೆ ಮಾತ್ರ ಗೆದ್ದಲು ತಾನಾಗಿ ಬೆಳಕಿಗೆ ಬರುತ್ತದೆ. ಬೇಸಿಗೆ ಕಳೆದು ಮೊದಲ ಜೋರು ಮಳೆ ಬಂದು ನಿಂತ ಸಂಜೆ, ರೆಕ್ಕೆ ಮೂಡಿದ ಹುಳುಗಳು ನೆಲದಿಂದ ಬುಗ್ಗೆಯಂತೆ ಎದ್ದು ಬೀದಿದೀಪಕ್ಕೂ ಟ್ಯೂಬ್‌ಲೈಟಿಗೂ ಮುತ್ತುತ್ತವೆ. ಮಕ್ಕಳು ಕೂಗಾಡುತ್ತಾರೆ, ದೊಡ್ಡವರು ದೀಪ ಆರಿಸುತ್ತಾರೆ, ಹಲ್ಲಿಗಳಿಗೆ ಹಬ್ಬ. ಈಚಲು ಹುಳುಗಳೆಂದು ಕರೆದು ಅವನ್ನು ಹಿಡಿದು ಹುರಿದು ತಿನ್ನುತ್ತಿದ್ದ ಹಳ್ಳಿಗಳು ನಮ್ಮ ಬಯಲುಸೀಮೆಯಲ್ಲೇ ಇದ್ದವು. ಹೊರಗಿನಿಂದ ಒಳಬಂದ ಹುಳುಗಳಿಗೆ ಹೆದರಬೇಕಾಗಿಲ್ಲ. ಕಿಟಕಿ ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ, ಕಿಟಕಿಯ ಒಳ ಅಂಚಿನಲ್ಲಿ ಬೆಳಿಗ್ಗೆ ಕಳಚಿದ ರೆಕ್ಕೆಗಳ ರಾಶಿ ಬಿದ್ದಿದ್ದರೆ ಮಾತ್ರ ಅವು ಹೊರಟದ್ದು ಮನೆಯ ಒಳಗಿನಿಂದಲೇ ಎಂದು ತಿಳಿಯಬೇಕು. ಗುಡಿಸಿ ಎಸೆಯುವ ಮುನ್ನ ಒಂದೆರಡು ಹುಳುಗಳನ್ನು ಅಂಗೈಯಲ್ಲಿಟ್ಟು ನೋಡಿದರೆ ಸಂದೇಹ ತೀರುತ್ತದೆ: ನಾಲ್ಕೂ ರೆಕ್ಕೆಗಳು ಒಂದೇ ಅಳತೆಯವಾಗಿ, ನಡು ಸಣ್ಣಗಾಗದೆ ಮೈ ಒಂದೇ ಸಮ ಇದ್ದರೆ ಗೆದ್ದಲು, ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ಬಳುಕುವಷ್ಟು ಸಣ್ಣದು ಎಂದಾದರೆ ರೆಕ್ಕೆ ಬಂದ ಇರುವೆ.

ಇಷ್ಟೆಲ್ಲ ಗುರುತುಗಳನ್ನು ಕಂಡ ಮೇಲೆ ಸಾಮಾನ್ಯ ಗೃಹಸ್ಥನು ಮಾಡುವ ಮೊದಲ ಕೆಲಸವೆಂದರೆ ಒದ್ದೆ ಬಟ್ಟೆ ತಂದು ಮಣ್ಣಿನ ಗೆರೆಯನ್ನು ಒರೆಸಿ, ಗೋಡೆಯನ್ನು ಮೊದಲಿನಂತೆ ಚೊಕ್ಕಟ ಮಾಡುವುದು. ಗೆದ್ದಲಿಗೆ ಬೇಕಾದ ತೇವವೂ ಸಿಕ್ಕಿತು, ನಮಗಿದ್ದ ಸುಳಿವೂ ಅಳಿಸಿಹೋಯಿತು. ಎರಡನೆಯ ಕೆಲಸ ಸೀಮೆಎಣ್ಣೆ. ಅದು ತಾಗಿದ ಹುಳು ಸಾಯುವುದು ನಿಜ. ಆದರೆ ಮರದಲ್ಲಿ ಸಿಗುವವು ದುಡಿಯಲು ಬಂದ ಕೂಲಿಗಳು ಮಾತ್ರ. ಬೆರಳುದ್ದಕ್ಕೆ ಊದಿಕೊಂಡ ರಾಣಿ ನೆಲದಾಳದ ಕೋಣೆಯಲ್ಲಿ, ಜೀವಮಾನವಿಡೀ ಬಿಟ್ಟಗಲದ ರಾಜನ ಪಕ್ಕದಲ್ಲಿ ಮಲಗಿ, ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತಿರುತ್ತಾಳೆ. ಹುತ್ತ ಬಡಿದರೆ ಹಾವು ಸಾಯದೆಂಬ ಗಾದೆಯನ್ನು ಹುತ್ತ ಕಟ್ಟಿದವರ ವಿಷಯದಲ್ಲೂ ಧಾರಾಳವಾಗಿ ಹೇಳಬಹುದು.

ಹುತ್ತದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನಮ್ಮ ಕಡೆ ಹುತ್ತ ಕಟ್ಟುವ ಗೆದ್ದಲುಗಳು ತಿಂದ ಮರವನ್ನು ತಾವೇ ಪೂರ್ತಿ ಜೀರ್ಣಿಸಿಕೊಳ್ಳಲಾರವು. ಗೂಡಿನೊಳಗೆ ಶಿಲೀಂಧ್ರದ ತೋಟ ಮಾಡಿ, ಅಗಿದ ಮರವನ್ನು ಅದಕ್ಕೆ ಗೊಬ್ಬರವಾಗಿ ಹಾಕಿ, ಅದರಿಂದ ಬಂದದ್ದನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಮಲೆನಾಡಿನವರು ಹುಡುಕಿ ತಂದು ಸಾರು ಮಾಡುವ ಅಣಬೆ ಇದೇ ತೋಟದ್ದು. ಹಾಗಾದರೆ ಎಷ್ಟೋ ಮನೆಯ ಕಿಟಕಿ ಬಾಗಿಲುಗಳು ಕಾಲಕ್ರಮದಲ್ಲಿ ಅಣಬೆ ಸಾರಾಗಿ ಯಾರದೋ ಎಲೆಗೆ ಬಿದ್ದಿರಬೇಕು. ಕಾಡಿನಲ್ಲಿ ಬಿದ್ದ ಮರವನ್ನೂ ತರಗೆಲೆಯನ್ನೂ ಮಣ್ಣಿಗೆ ಮರಳಿಸುವವರು ಇವರೇ. ಜಗತ್ತಿನ ಸುಮಾರು 3000 ಪ್ರಭೇದಗಳಲ್ಲಿ ಮನೆಗೆ ನುಗ್ಗುವವು ಒಂದು ಸಣ್ಣ ಪಾಲು ಮಾತ್ರ. ನಾಗರಪಂಚಮಿಯಂದು ಹೊಲದ ಹುತ್ತಕ್ಕೆ ಹಾಲೆರೆದು ಬಂದು, ಮರುವಾರ ಪೆಸ್ಟ್ ಕಂಟ್ರೋಲಿನವರಿಗೆ ಫೋನು ಮಾಡುವುದರಲ್ಲಿ ನನಗೆ ವಿರೋಧವೇನೂ ಕಾಣುವುದಿಲ್ಲ. ಗೆದ್ದಲಿರಬೇಕಾದದ್ದು ಹೊಲದಲ್ಲಿ.

ಪೆಸ್ಟ್ ಕಂಟ್ರೋಲಿನವರು ಮಾಡುವ ಕೆಲಸವನ್ನು ಒಮ್ಮೆ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಸರಿಯಾಗಿ ಮಾಡಿದ್ದಕ್ಕೂ ಗೋಡೆಯ ಬುಡಕ್ಕೆ ಪಿಚಕಾರಿ ಹೊಡೆದು ಹೋದದ್ದಕ್ಕೂ ರಸೀದಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಭಾರತೀಯ ಮಾನಕ ಬ್ಯೂರೊ ಇದಕ್ಕೆಂದೇ ಐ.ಎಸ್. 6313 ಎಂಬ ಮಾನಕವನ್ನು ಮಾಡಿದೆ. ಅದರ ಮೂರನೆಯ ಭಾಗ ಈಗಾಗಲೇ ಕಟ್ಟಿದ ಮನೆಗಳದ್ದು. ನೆಲ ಮತ್ತು ಗೋಡೆ ಕೂಡುವ ಸಾಲಿನಲ್ಲಿ ಸುಮಾರು 300 ಮಿ.ಮೀ.ಗೆ ಒಂದರಂತೆ 12 ಮಿ.ಮೀ. ರಂಧ್ರಗಳನ್ನು ಕೆಳಗಿನ ಮಣ್ಣು ಮುಟ್ಟುವವರೆಗೆ ಕೊರೆದು, ಮಣ್ಣು ಹೀರುವಷ್ಟು ಔಷಧವನ್ನು, ಹೆಚ್ಚೆಂದರೆ ರಂಧ್ರಕ್ಕೆ 1 ಲೀಟರಿನಂತೆ ತುಂಬಿ, ಮೇಲೆ ಸಿಮೆಂಟಿನಿಂದ ಮುಚ್ಚಬೇಕು. ಚೌಕಟ್ಟು ಗೋಡೆಗೆ ಸೇರುವ ಕಡೆ ಇನ್ನೂ ಸಣ್ಣ ರಂಧ್ರಗಳನ್ನು ಓರೆಯಾಗಿ ಕೊರೆಯುತ್ತಾರೆ. ಡ್ರಿಲ್ಲಿಂಗ್ ಯಂತ್ರ ಹೊಸ ಟೈಲ್ಸಿಗೆ ತಾಗಿದಾಗ ಮನೆಯೊಡತಿಯ ಮುಖ ಬಾಡುವುದು ಸಹಜ; “ಎರಡಡಿಗೊಂದು ಕೊರೆದರೆ ಸಾಲದೇನಪ್ಪಾ?” ಎಂದು ಚೌಕಾಸಿಯೂ ನಡೆಯುತ್ತದೆ. ಸಾಲದು. ನಡುವೆ ಔಷಧ ಹಬ್ಬದೆ ಉಳಿದ ಮಣ್ಣು ಗೆದ್ದಲಿನ ಹೆದ್ದಾರಿಯಾಗುತ್ತದೆ.

ಔಷಧದ ಹೆಸರನ್ನೂ ಕೇಳಬೇಕು. ಹಿಂದೆ ಎಲ್ಲೆಡೆ ಬಳಸುತ್ತಿದ್ದ ಆಲ್ಡ್ರಿನ್ ಎಂಬ ವಿಷ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಮನುಷ್ಯರ ಮೈಗೂ ಸೇರುತ್ತದೆಂದು ತಿಳಿದು ನಮ್ಮ ದೇಶದಲ್ಲಿ 1996ರಲ್ಲಿ ಅದನ್ನು ನಿಷೇಧಿಸಲಾಯಿತು. ಆಮೇಲೆ ಹೆಚ್ಚು ಬಳಕೆಗೆ ಬಂದ ಕ್ಲೋರ್‌ಪೈರಿಫಾಸ್ ಮೂಗಿಗೆ ಹೊಡೆಯುವಷ್ಟು ನಾತದ್ದು. ಇಮಿಡಾಕ್ಲೋಪ್ರಿಡ್‌ಗೆ ಅಂಥ ವಾಸನೆಯಿಲ್ಲ. ಗೆದ್ದಲಿಗೂ ಅದರ ಸುಳಿವು ಸಿಗುವುದಿಲ್ಲವಾದ್ದರಿಂದ ಔಷಧ ಬಿದ್ದ ಮಣ್ಣಿನಲ್ಲೇ ಓಡಾಡಿ, ಒಂದನ್ನೊಂದು ನೆಕ್ಕಿ ಉಣಿಸುವ ತಮ್ಮ ರೂಢಿಯಂತೆ ವಿಷವನ್ನು ಬಳಗಕ್ಕೆಲ್ಲ ಹಂಚುತ್ತವೆ. ಯಾವುದಾದರೂ ವಿಷವೇ: ಮಕ್ಕಳು, ಬೆಕ್ಕು, ಅಕ್ವೇರಿಯಂ, ಅಡುಗೆಮನೆಯ ಪಾತ್ರೆಗಳು ದೂರವಿರಬೇಕು, ಮನೆಗೆ ತಾಗಿ ಬಾವಿಯಿದ್ದರೆ ಅದನ್ನು ಮೊದಲೇ ಹೇಳಬೇಕು. ಔಷಧ ಹಾಕಿಸಿದ ಮೇಲೂ ಸೋರುವ ನಲ್ಲಿಯನ್ನು ಹಾಗೆಯೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಮತ್ತದೇ ಫೋನು.

ಕರಾವಳಿಯ ಹಳೆಯ ಮನೆಗಳವರು ಮಾಡಿನ ಪಕಾಸಿಗಳಿಗೆ (ಹೆಂಚು ಹೊರುವ ಮರದ ತೊಲೆಗಳಿಗೆ) ಗೇರು ಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಕೈಗೆ ತಾಗಿದರೆ ಬೊಕ್ಕೆಯೇಳಿಸುವ ಆ ಕಪ್ಪೆಣ್ಣೆಯ ಹತ್ತಿರ ಗೆದ್ದಲು ಸುಲಭಕ್ಕೆ ಸುಳಿಯುತ್ತಿರಲಿಲ್ಲ. ಚೌಕಟ್ಟಿಗೆ ಮರದ ಚೇಗನ್ನೇ, ಅಂದರೆ ನಡುವಿನ ಗಟ್ಟಿ ತಿರುಳನ್ನೇ, ಆರಿಸಿ ಹೊರಗಿನ ಬಿಳಿ ಭಾಗವನ್ನು ಕೆತ್ತಿಹಾಕುತ್ತಿದ್ದರು. ತೇಗದಲ್ಲೂ ಗೆದ್ದಲಿಗೆ ಒಗ್ಗದ್ದು ಚೇಗು ಮಾತ್ರ; ಬಿಳಿ ಭಾಗವನ್ನು ಅದು ಬೇರೆ ಯಾವ ಮರದಂತೆಯೂ ತಿನ್ನುತ್ತದೆ. ಇಂದಿನ ಗುತ್ತಿಗೆದಾರರ ಕೆಟ್ಟ ಅಭ್ಯಾಸವೊಂದಿದೆ: ಸೆಂಟ್ರಿಂಗಿನ ಹಲಗೆಯ ಚೂರುಗಳನ್ನೂ ಗೂಟಗಳನ್ನೂ ಹೊರಗೆ ಸಾಗಿಸುವ ಖರ್ಚೇಕೆಂದು ಪಾಯದ ಮಣ್ಣಿನಲ್ಲೇ ಹೂತು ಮೇಲೆ ನೆಲ ಹಾಸುತ್ತಾರೆ. ಗೃಹಪ್ರವೇಶಕ್ಕೆ ಮುನ್ನವೇ ಗೆದ್ದಲಿಗೆ ಊಟ ಬಡಿಸಿಟ್ಟ ಹಾಗೆ.

ಇದರಿಂದ ರೋಸಿಹೋದವರು ಈಗ ಗ್ರಾನೈಟಿನ ಚೌಕಟ್ಟು, ಪ್ಲಾಸ್ಟಿಕ್ ಕಿಟಕಿ, ಕಬ್ಬಿಣದ ಕಪಾಟು ಹಾಕಿಸಿ, ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ನಿಶ್ಚಿಂತರಾಗಿದ್ದಾರೆ. ಆದರೆ ವೈರು, ಪೈಪುಗಳು ಹೋಗುವ ಡಕ್ಟು ನೆಲದಿಂದ ನಾಲ್ಕನೆಯ ಮಹಡಿಯವರೆಗೆ ಕತ್ತಲೆಯಾಗಿಯೇ ಇರುತ್ತದೆ. ಆ ಡಕ್ಟಿನ ಗೋಡೆಗೆ ಒತ್ತಿಕೊಂಡು, ಫ್ರಿಜ್ಜು ಬಂದಾಗಿನ ರಟ್ಟಿನ ಪೆಟ್ಟಿಗೆಯನ್ನು ವಾರಂಟಿ ಮುಗಿಯುವ ತನಕ ಇರಲಿ ಎಂದು ಮಡಚಿ ನಿಲ್ಲಿಸಿರುತ್ತಾರೆ.