ಕುರ್ಚಿ ಮಾರುವವರು ಕುಳಿತುಕೊಳ್ಳುವಂತಿಲ್ಲ

ನನ್ನ ಹೆಂಡತಿಯ ಸೊಂಟನೋವಿಗೆ ಆರಾಮ ಕುರ್ಚಿಯೊಂದು ಬೇಕೆಂದು ಹೇಳಿದ್ದು ಡಾಕ್ಟರಲ್ಲ, ಎದುರು ಮನೆಯವರು. ಡಾಕ್ಟರ ಮಾತಾಗಿದ್ದರೆ ಮುಂದೂಡಬಹುದಿತ್ತು. ಎದುರು ಮನೆಯವರು ತಮ್ಮ ಮನೆಗೆ ತಂದು ಹಾಕಿಕೊಂಡ ಮೇಲೆ ಹೇಳಿದ ಮಾತನ್ನು ಮುಂದೂಡಲು ಬರುವುದಿಲ್ಲ. ಹಾಗಾಗಿ ಒಂದು ಬುಧವಾರ ನಾವಿಬ್ಬರೂ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು, ಕರಿ ರೋಡಿನಲ್ಲಿ ಇಳಿದು, ಹಳೆಯ ಗಿರಣಿಯ ಜಾಗದಲ್ಲಿ ಎದ್ದಿರುವ ಒಂದು ಮಾಲಿಗೆ ಹೋದೆವು. ಮಾಲಿನ ಹೆಸರು ಬೇಡ. ಹೇಳಿದರೆ ಅವರಿಗೆ ಜಾಹೀರಾತು, ನನಗೆ ನೋಟಿಸು.

ಕುರ್ಚಿ, ಸೋಫಾಗಳ ಮಹಡಿಯಲ್ಲಿ ನಮ್ಮನ್ನು ಎದುರುಗೊಂಡವಳು ನಮ್ಮದೇ ಕಟ್ಟಡದ ಬಿ ವಿಂಗಿನ ಹುಡುಗಿ. ಮೂಲ್ಕಿ ಕಡೆಯವರು, ಮುಂಬಯಿಗೆ ಬಂದು ಮೂರು ತಲೆಮಾರಾಯಿತು. "ಬನ್ನಿ ಮಾಮ, ಬನ್ನಿ ಮಾಮಿ" ಎಂದವಳು ಚಾವಣಿಯ ಕ್ಯಾಮೆರಾದ ಕಡೆ ಕಣ್ಣು ಹಾಯಿಸಿ, "ಸ್ವಾಗತ ಸರ್, ಸ್ವಾಗತ ಮೇಡಂ" ಎಂದು ತಿದ್ದಿಕೊಂಡಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಹೆಸರಿನ ಕೆಳಗೆ "ಕಂಫರ್ಟ್ ಅಡ್ವೈಸರ್" ಎಂಬ ಹುದ್ದೆ. ಆರಾಮದ ಬಗ್ಗೆ ಸಲಹೆ ಕೊಡುವವಳು ಎಂದರ್ಥ. ಹಿಂದೆ ಇದನ್ನು ಸೇಲ್ಸ್‌ಗರ್ಲ್ ಎನ್ನುತ್ತಿದ್ದರು. ಸಂಬಳ ಏರಿಸಲು ಮನಸ್ಸಿಲ್ಲದ ವರ್ಷ ಹುದ್ದೆಯ ಹೆಸರನ್ನು ಏರಿಸುವುದು ಈಗಿನ ರೂಢಿ.

ಹುಡುಗಿ ಚುರುಕಾಗಿದ್ದಾಳೆ. ಹೆಚ್ಚು ಹೊತ್ತು ನಿಂತರೆ ಕಾಲಿನ ನರ ಹೇಗೆ ಉಬ್ಬುತ್ತದೆ, ಬೆನ್ನುಮೂಳೆಯ ಕೆಳಗಿನ ಮಣಿಗಳ ಮೇಲೆ ಭಾರ ಹೇಗೆ ಬೀಳುತ್ತದೆ, ನಡುವೆ ನಡುವೆ ಕುಳಿತುಕೊಳ್ಳುವುದು ಎಷ್ಟು ಅಗತ್ಯ ಎಂಬುದನ್ನೆಲ್ಲ ತರಬೇತಿಯಲ್ಲಿ ಕಲಿಸಿದಂತೆ ಒಂದೇ ಉಸಿರಿನಲ್ಲಿ ಹೇಳಿದಳು, ನಿಂತುಕೊಂಡು. ಬೆಳಿಗ್ಗೆ ಹನ್ನೊಂದಕ್ಕೆ ನಿಂತವಳು, ಊಟದ ಅರ್ಧ ಗಂಟೆ ಬಿಟ್ಟರೆ ರಾತ್ರಿ ಎಂಟರವರೆಗೆ ನಿಂತೇ ಇರುತ್ತಾಳೆ. ಅದಕ್ಕೆ ಮೊದಲು ಮತ್ತು ಆಮೇಲೆ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನಿಲ್ಲುವುದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ, ಅದು ಹವ್ಯಾಸ. ಲೋಕಲಿನಲ್ಲಾದರೂ ಮೂವರ ಸೀಟಿನ ತುದಿಯಲ್ಲಿ "ನಾಲ್ಕನೆಯ ಸೀಟು" ಎಂಬ ಅಂಗೈಯಗಲದ ದಯೆ ಉಂಟು. ಮಾಲಿನಲ್ಲಿ ಅದೂ ಇಲ್ಲ.

"ನೀನೂ ಒಂದು ಸಲ ಕುಳಿತು ತೋರಿಸಮ್ಮ" ಎಂದಳು ನನ್ನ ಹೆಂಡತಿ.

"ನಾವು ಕುಳಿತುಕೊಳ್ಳುವಂತಿಲ್ಲ ಮಾಮಿ" ಎಂದಳು ಹುಡುಗಿ. ಸುತ್ತಲೂ, ಎಣಿಸಿ ನೋಡಿದೆ, ನಲವತ್ತೊಂದು ಕುರ್ಚಿಗಳಿದ್ದವು.

ಆಗ ನಾನು ಆ ಮಹಡಿಯಲ್ಲಿ ಯಾರು ಯಾರು ಕುಳಿತಿದ್ದಾರೆಂದು ನೋಡತೊಡಗಿದೆ. ಎರಡು ಪ್ಲಾಸ್ಟಿಕ್ ಬೊಂಬೆಗಳು ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದವು. ಹೆಂಡತಿಯರನ್ನು ಪರದೆ ವಿಭಾಗಕ್ಕೆ ಕಳೆದುಕೊಂಡ ನಾಲ್ವರು ಗಂಡಂದಿರು ಸೋಫಾದ ಮೇಲೆ ಮೊಬೈಲ್ ನೋಡುತ್ತಾ ಕುಳಿತಿದ್ದರು. ಮಗುವಿನ ತಳ್ಳುಗಾಡಿಯಲ್ಲಿ ಒಂದು ನಾಯಿ ಕುಳಿತಿತ್ತು; ಅದರ ಮುಖದಲ್ಲಿ ಬೋನಸ್ ಸಿಕ್ಕ ಕಳೆ ಇತ್ತು. ಬಿಲ್ಲಿಂಗ್ ಕೌಂಟರಿನ ಮೇಲೆ ಗಣಪತಿ ಕುಳಿತಿದ್ದ. ನಿಂತಿದ್ದವರು ಸಮವಸ್ತ್ರದವರು ಮಾತ್ರ.

ಮ್ಯಾನೇಜರ್ ಬಂದ. ಇಪ್ಪತ್ತೆಂಟರ ವಯಸ್ಸು, ಕಿವಿಯಲ್ಲಿ ಯಂತ್ರ, ಅವನೂ ಪಾಪ ನಿಂತೇ ಇದ್ದ. ಕುಳಿತ ಸಿಬ್ಬಂದಿಯನ್ನು ಕಂಡರೆ ತಮ್ಮನ್ನು ಅಸಡ್ಡೆ ಮಾಡುತ್ತಿದ್ದಾರೆಂದು ಗ್ರಾಹಕರಿಗೆ ಅನ್ನಿಸುತ್ತದೆಯಂತೆ. ನಾನು ತಲೆಯಾಡಿಸಿದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಗ್ರಾಹಕರನ್ನು ನಿಲ್ಲಿಸಿದವನು ನಾನು. ಅವರನ್ನು ಅಸಡ್ಡೆ ಮಾಡುತ್ತಿದ್ದೇವೆಂದು ಅವರಿಗೆ ಅನ್ನಿಸುತ್ತಿತ್ತು ನಿಜ. ಆದರೆ ಅದಕ್ಕೆ ಕಾರಣ ಕುರ್ಚಿಯಲ್ಲ. ನಾವು ಅಸಡ್ಡೆಯನ್ನೇ ಮಾಡುತ್ತಿದ್ದೆವು. ನಮಗೆ ಸಂಘವಿತ್ತು. ಫ್ಯಾನು ಸದ್ದು ಮಾಡಿದರೆ ಕರಪತ್ರ, ಫ್ಯಾನು ನಿಂತರೆ ಧರಣಿ. ಕಂಪ್ಯೂಟರ್ ಬೇಡವೆಂದು 1980ರ ದಶಕದಲ್ಲಿ ನಾನೂ ಕೂಗಿದ್ದೇನೆ. ಈಗ ಪಿಂಚಣಿ ಬಂತೇ ಎಂದು ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ನೋಡುತ್ತೇನೆ.

ಈ ಹುಡುಗಿಯ ಅಜ್ಜ ಇದೇ ಜಾಗದ ಗಿರಣಿಯಲ್ಲಿದ್ದವರು. ಕ್ಯಾಂಟೀನಿನಲ್ಲಿ ಚಹಾದ ಗ್ಲಾಸು ತೊಳೆಯುತ್ತಾ ಸೇರಿ ನೇಯ್ಗೆ ಖಾತೆಗೆ ಹೋದವರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದಾಗ ಅವರೂ ಹೊರಬಂದರು. ಆ ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ ಎನ್ನುತ್ತಾರೆ. ಆ ಲೆಕ್ಕದಲ್ಲಿ ಅಜ್ಜ ಇನ್ನೂ ಮುಷ್ಕರದಲ್ಲೇ ಇದ್ದಾರೆ, ಮೊಮ್ಮಗಳು ಅದೇ ಕಾಂಪೌಂಡಿನೊಳಗೆ ಕೆಲಸಕ್ಕೆ ಹಾಜರಾಗಿದ್ದಾಳೆ. ಗಿರಣಿಯ ಚಿಮಣಿಯನ್ನು ಮಾತ್ರ ಅಂದಕ್ಕೆಂದು ಉಳಿಸಿಕೊಂಡು ದೀಪ ಹಾಕಿದ್ದಾರೆ. ಅದರ ಬುಡದಲ್ಲಿ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ತಮಾಷೆ ಇರುವುದು ಇಲ್ಲಿ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 44ನೆಯ ಕಲಮು ಎಂಬುದೊಂದಿತ್ತು. ನಿಂತೇ ದುಡಿಯಬೇಕಾದ ಕಾರ್ಮಿಕರಿಗೆ, ಬಿಡುವು ಸಿಕ್ಕಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡು ಇರಬೇಕು ಎಂದು ಅದು ಹೇಳುತ್ತಿತ್ತು. ಅಂದರೆ ಈ ಜಾಗ ಗಿರಣಿಯಾಗಿದ್ದಾಗ, ಹೊಗೆ, ಧೂಳು, ಹತ್ತಿಯ ಎಳೆಗಳ ನಡುವೆ, ಕಾನೂನಿನ ಪುಸ್ತಕದಲ್ಲಾದರೂ ಅಜ್ಜನಿಗೊಂದು ಸ್ಟೂಲು ಇತ್ತು. ಗಿರಣಿ ಹೋಗಿ ಹವಾನಿಯಂತ್ರಿತ ಮಾಲು ಬಂತು, ಸ್ಟೂಲು ಹೋಗಿ ನಲವತ್ತೊಂದು ಆರಾಮ ಕುರ್ಚಿಗಳು ಬಂದವು, ಕುಳಿತುಕೊಳ್ಳುವ ಕಲಮು ಮಾತ್ರ ಚಿಮಣಿಯ ಬಳಿಯೇ ಉಳಿಯಿತು. ಅಂಗಡಿಯ ಹೆಣ್ಣುಮಕ್ಕಳಿಗೂ ಕಾಲಿದೆ ಎಂಬುದನ್ನು ಮೊದಲು ಪತ್ತೆ ಮಾಡಿದ್ದು ಕೇರಳ. ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಪಿ. ವಿಜಿ ಎಂಬ ದರ್ಜಿ ಹೆಂಗಸು ಸಂಘ ಕಟ್ಟಿ ವರ್ಷಗಟ್ಟಲೆ ಜಗಳವಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ತಿದ್ದಿತು. ಕುಳಿತುಕೊಳ್ಳುವ ಹಕ್ಕು! ವಿಧಾನಸಭೆಗಳಲ್ಲಿ ಕುರ್ಚಿಗಾಗಿ ನಡೆಯುವ ಜಗಳಗಳಲ್ಲಿ ಇದೊಂದಾದರೂ ಉಪಯೋಗಕ್ಕೆ ಬಂತು.

ಮಹಾರಾಷ್ಟ್ರವೇನೂ ಕೈಕಟ್ಟಿ ಕುಳಿತಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ, ಕುಳಿತುಕೊಂಡೇ, ಅಂಗಡಿ ನೌಕರರ ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10 ಗಂಟೆಗೆ ಏರಿಸಲು ಒಪ್ಪಿತು. ಎರಡು ತಿಂಗಳ ಬಳಿಕ, ನವೆಂಬರ್ 21ರಂದು, ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಿಂತು ದುಡಿಯುವವರಿಗೆ ಆಸನದ ಏರ್ಪಾಡು ಬೇಕೆಂಬ ಹಳೆಯ ಮಾತು ಕಾರ್ಖಾನೆಯ ಗೋಡೆ ದಾಟಿ ಬೇರೆ ಸಂಸ್ಥೆಗಳಿಗೂ ಹಬ್ಬಿದ್ದು ಆಗ. ಗಿರಣಿಯ ಗೇಟಿನಿಂದ ಮಾಲಿನ ಗೇಟಿಗೆ ಬರಲು ಒಂದು ಸ್ಟೂಲಿಗೆ 77 ವರ್ಷ ಹಿಡಿಯಿತು. ಗೇಟಿನಿಂದ ಮೂರನೆಯ ಮಹಡಿಗೆ ಬರಲು ಅದು ಎಸ್ಕಲೇಟರ್ ಹತ್ತಿದೆಯೋ, ಮೆಟ್ಟಿಲಲ್ಲಿ ಬರುತ್ತಿದೆಯೋ, ನಾವು ಹೋದ ಬುಧವಾರದವರೆಗೆ ಕಾಣಿಸಿರಲಿಲ್ಲ.

"ಇಷ್ಟೆಲ್ಲ ಇದೆಯಲ್ಲ, ನೀವೇಕೆ ಒಂದು ಸಂಘ ಕಟ್ಟಬಾರದು?" ಎಂದು ಹುಡುಗಿಯ ಕಿವಿಯಲ್ಲಿ ಕೇಳಿದೆ. ಹಳೆಯ ಚಟ.

"ಇಲ್ಲಿ ನಾವೆಲ್ಲ ಒಂದೇ ಕುಟುಂಬ ಸರ್" ಎಂದು ಕ್ಯಾಮೆರಾಕ್ಕೆ ಕೇಳುವಂತೆ ಹೇಳಿ, "ಯಾರ ಜೊತೆ ಕಟ್ಟಲಿ ಮಾಮ?" ಎಂದು ನನಗೆ ಕೇಳುವಂತೆ ಹೇಳಿದಳು.

ಪ್ರಶ್ನೆ ಸರಿಯಾದದ್ದೇ. ಏಳು ಜನ ಸೇರಿದರೆ ಸಂಘದ ನೋಂದಣಿಗೆ ಅರ್ಜಿ ಹಾಕಬಹುದೆಂದು 1926ರ ಕಾಯ್ದೆಯ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ಆ ಮಹಡಿಯಲ್ಲಿ ಕಣ್ಣಿಗೆ ಬಿದ್ದ ಏಳು ಜನರನ್ನು ಎಣಿಸಿದೆ. ಈ ಹುಡುಗಿಗೆ ಸಂಬಳ ಕೊಡುವುದು ಅಂಧೇರಿಯ ಒಂದು ಏಜೆನ್ಸಿ. ಸಂಬಳದ ಚೀಟಿಯಲ್ಲಿ ಅಂಗಡಿಯ ಹೆಸರೇ ಇಲ್ಲ. ಹಾಸಿಗೆ ಮಾರುವ ಹುಡುಗ ಹಾಸಿಗೆ ಕಂಪನಿಯವನು. ಪರದೆ ಅಳೆಯುವವನು ಪರದೆ ಕಂಪನಿಯವನು. ಬಾಗಿಲಲ್ಲಿ ಚೀಲ ತಡಕುವವನು ಸೆಕ್ಯೂರಿಟಿ ಏಜೆನ್ಸಿಯವನು. ನೆಲ ಒರೆಸುವ ಹೆಂಗಸು ಬೇರೊಬ್ಬ ಗುತ್ತಿಗೆದಾರನವಳು. ಕುರ್ಚಿ ಜೋಡಿಸುವ ಬಡಗಿಗೆ ಕುರ್ಚಿಗಿಷ್ಟು ಎಂದು ಕೂಲಿ. ಅಂಗಡಿಯ ಸ್ವಂತ ನೌಕರ ಎಂದರೆ ಕ್ಯಾಶಿಯರ್ ಒಬ್ಬನೇ. ಅವನು ತನ್ನನ್ನು ಮಾಲೀಕನ ಅಳಿಯ ಎಂದುಕೊಂಡಿದ್ದಾನೆ. ಏಳು ಜನ, ಏಳು ಧಣಿಗಳು, ಒಂದು ಕುಟುಂಬ. ಇಂಥ ಕುಟುಂಬವನ್ನು ನಮ್ಮ ಕಡೆ ಕೋರ್ಟಿನ ಪಾಲುಪಟ್ಟಿ ದಾವೆಯಲ್ಲಿ ಮಾತ್ರ ನೋಡಿದ್ದೇವೆ.

ಮುಷ್ಕರ ಮಾಡುವುದಿರಲಿ, ಒಟ್ಟಿಗೆ ರಜೆ ಹಾಕುವುದೂ ಈಗ ಕಷ್ಟ. ಹೊಸ ಸಂಹಿತೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ನೌಕರರು ಮಾತನಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕು. ಮಳೆಗಾಲದಲ್ಲಿ ಕುರ್ಲಾ ಮತ್ತು ಸಾಯನ್ ನಡುವೆ ಹಳಿಯ ಮೇಲೆ ನೀರು ನಿಂತು ಅರ್ಧ ಮಹಡಿ ಖಾಲಿಯಾಗುವ ದಿನ ಇದೆಯಲ್ಲ, ಆ ನೀರಿಗೆ ಇನ್ನೂ ಯಾರೂ ಷೋಕಾಸ್ ನೋಟಿಸು ಕೊಟ್ಟಿಲ್ಲ.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ, ಅದು ಹೇಗೂ ಬೇಗ ಮುಗಿಯುವಂಥದು. ಭವಿಷ್ಯ ನಿಧಿ, ಇಎಸ್ಐ ಕಳೆದು ಅವಳ ಕೈಗೆ ಬರುವುದು ತಿಂಗಳಿಗೆ 14 ಸಾವಿರದ ಆಸುಪಾಸು. ನಾವು ನೋಡುತ್ತಿದ್ದ ಕುರ್ಚಿಯ ಬೆಲೆ 42 ಸಾವಿರ. ಮೂರು ತಿಂಗಳು ಉಪವಾಸವಿದ್ದು, ನಡೆದುಕೊಂಡೇ ಡೊಂಬಿವಲಿಗೆ ಹೋಗಿ ಬಂದರೆ ಅವಳೂ ಕುಳಿತುಕೊಳ್ಳಬಹುದು. ದೇಶದ ಮಟ್ಟದ ಕನಿಷ್ಠ ವೇತನ ಎಂದು 2019ರಲ್ಲಿ ಕೇಂದ್ರ ಹೇಳಿದ ಮೊತ್ತ ದಿನಕ್ಕೆ 178 ರೂಪಾಯಿ. ಮಹಾರಾಷ್ಟ್ರದ ದರ ಅದಕ್ಕಿಂತ ಮೇಲಿದೆ, ಒಪ್ಪೋಣ. ಆದರೂ ಆ 178ನ್ನು ಜೇಬಿನಲ್ಲಿಟ್ಟುಕೊಂಡು ಮಾಲಿನ ಫುಡ್ ಕೋರ್ಟಿಗೆ ಹೋದೆ. ಒಂದು ಮಸಾಲೆ ದೋಸೆಗೆ ಸಾಲಲಿಲ್ಲ. ಚಟ್ನಿ ತೀರಾ ನೀರಾಗಿತ್ತು ಎಂಬುದು ಬೇರೆ ಮಾತು.

ನಮ್ಮವರು ಈ ಊರಿನಲ್ಲಿ ಸಂಘಕ್ಕೆ ಹೊಸಬರಲ್ಲ. ಬಂದರಿನ ಹಮಾಲರನ್ನು ಒಗ್ಗೂಡಿಸಿದ ಪ್ಲಾಸಿಡ್ ಡಿಮೆಲ್ಲೊ ನಮ್ಮ ಕರಾವಳಿಯವರು. ಅವರ ಹೆಸರಿನ ರಸ್ತೆ ಬಂದರಿನ ಪಕ್ಕದಲ್ಲೇ ಇದೆ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಟ್ಯಾಕ್ಸಿಯವರನ್ನೂ ಹೋಟೆಲ್ ಮಾಣಿಗಳನ್ನೂ ಕಟ್ಟಿಕೊಂಡು 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರಂಥವರನ್ನೇ ಸೋಲಿಸಿದರು. ಹೋಟೆಲಿನ ಗಲ್ಲಾದ ಮೇಲೆ ಕುಳಿತವರೂ ನಮ್ಮ ಜಿಲ್ಲೆಯವರೇ, ಗಲ್ಲಾದ ಮುಂದೆ ಘೋಷಣೆ ಕೂಗಿದವರೂ ನಮ್ಮ ಜಿಲ್ಲೆಯವರೇ. ಇದನ್ನು ಹೋದ ಮೇ 1ರಂದು ನಮ್ಮ ಕಡೆಯ ಒಂದು ಕನ್ನಡ ಸಂಘದ ವೇದಿಕೆಯಲ್ಲಿ ಬಹಳ ಅಭಿಮಾನದಿಂದ ನೆನೆದವರು ಎರಡು ಸೀರೆ ಅಂಗಡಿಗಳ ಮಾಲೀಕರು. ನೆನೆದ ಮೇಲೆ ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲವೆಂದು ನೊಂದುಕೊಂಡರು. "ಕಾಯಕವೇ ಕೈಲಾಸ" ಎಂದು ಮುಗಿಸಿದರು. ನನ್ನ ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು, "ಕೈಲಾಸದಲ್ಲಿ ಶಿವ ಕುಳಿತೇ ಇರುತ್ತಾನೆ ಮಾರಾಯರೇ" ಎಂದರು, ಮೈಕಿಗೆ ಕೇಳದಷ್ಟು ಮೆಲ್ಲಗೆ. ಬಿ ವಿಂಗಿನ ಹುಡುಗಿ ಸಭೆಗೆ ಬಂದಿರಲಿಲ್ಲ. ಮೇ 1 ಕಾಯ್ದೆಯ ಪ್ರಕಾರ ಸಂಬಳ ಸಹಿತ ರಜೆ. ಆದರೆ ಅಂದು ಮಾಲಿನಲ್ಲಿ ಮಹಾರಾಷ್ಟ್ರ ದಿನದ ವಿಶೇಷ ರಿಯಾಯಿತಿ ಮಾರಾಟ; ಕಾರ್ಮಿಕ ದಿನವೆಂದು ಎಲ್ಲರಿಗೂ ರಜೆ ಇರುವುದರಿಂದ ಜನ ಹೆಚ್ಚು ಬರುತ್ತಾರೆ.

ಭಾನುವಾರದ ಕಥೆಯೂ ಇದೇ. ಗಿರಣಿ ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಅರ್ಜಿ ಬರೆದು ಬರೆದು 1890ರ ಜೂನ್ 10ರಂದು ಮುಂಬಯಿಯ ಗಿರಣಿಗಳಿಗೆ ಭಾನುವಾರದ ರಜೆ ಕೊಡಿಸಿದರು. ಆ ಭಾನುವಾರವನ್ನು ನಾವೆಲ್ಲ ಈಗ ಮಾಲಿನಲ್ಲಿ ಕಳೆಯುತ್ತೇವೆ.

ಕುರ್ಚಿ ಕೊಂಡೆವು. ಕೊಳ್ಳುವ ಮುನ್ನ ನಾನು, ಹಳೆಯ ಸಂಘದ ಕಾರ್ಯದರ್ಶಿ, ಎರಡು ಸಾವಿರ ಇಳಿಸಿ ಎಂದು ಇಪ್ಪತ್ತು ನಿಮಿಷ ಚೌಕಾಸಿ ಮಾಡಿದೆ. ಅಷ್ಟು ಹೊತ್ತೂ ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಗುತ್ತಾ ನಿಂತಿದ್ದಳು. ಎರಡು ಸಾವಿರ ಇಳಿಯಿತು. ಬಿಲ್ ಕೊಡುವಾಗ ಅವಳು ಮೆಲ್ಲಗೆ ಹೇಳಿದಳು: "ಮಾಮ, ಫೋನ್ ಬರುತ್ತದೆ. ಅಂಕ ಕೇಳುತ್ತಾರೆ. ಹತ್ತು ಕೊಡಿ. ಒಂಬತ್ತು ಕೊಟ್ಟರೆ ಸೊನ್ನೆ ಕೊಟ್ಟ ಹಾಗೆ, ನನ್ನ ಇನ್ಸೆಂಟಿವ್ ಹೋಗುತ್ತದೆ."

ಮೂರನೆಯ ದಿನ ಫೋನ್ ಬಂತು. ಹಿಂದಿಯಲ್ಲಿ ಮಾತನಾಡುವ ಇನ್ನೊಬ್ಬ ಹುಡುಗಿ. ಸೇವೆಗೆ ಎಷ್ಟು ಅಂಕ ಎಂದಳು. ಹತ್ತು ಎಂದೆ. ಅಂಗಡಿಯ ವಾತಾವರಣಕ್ಕೆ? ಹತ್ತು. ಬೇರೆ ಸಲಹೆ ಏನಾದರೂ ಇದೆಯೇ?

ನಿಮ್ಮ ಕುರ್ಚಿ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಒಂದು ಸ್ಟೂಲು ಕೊಡಿ ಎಂದೆ. ಆ ಕಡೆ ಕೀಲಿಮಣೆ ಒತ್ತುವ ಸದ್ದಾಯಿತು. "ಸ್ಟೂಲು ಬೇಕೆಂದರೆ ಪೀಠೋಪಕರಣ ವಿಭಾಗಕ್ಕೆ ಫೋನ್ ವರ್ಗಾಯಿಸುತ್ತೇನೆ ಸರ್. ಎಷ್ಟು ಬೇಕು?"

ಕೊಳ್ಳುವುದಕ್ಕಲ್ಲಮ್ಮ ಎಂದು ಮೊದಲಿನಿಂದ ವಿವರಿಸಿದೆ. ಅಂಥ ದೂರಿಗೆ ತನ್ನ ಪರದೆಯ ಮೇಲೆ ಜಾಗವಿಲ್ಲ ಎಂದಳು. ಇರಲಿ, ನೀನಾದರೂ ಕುಳಿತುಕೊಂಡು ಮಾತನಾಡುತ್ತಿದ್ದೀಯಾ ಎಂದು ಕೇಳಿದೆ.

"ಹೌದು ಸರ್, ಕುಳಿತೇ ಇದ್ದೇನೆ" ಎಂದಳು. ಒಂದು ಕ್ಷಣ ಸುಮ್ಮನಿದ್ದು, ದನಿ ತಗ್ಗಿಸಿದಳು. "ಇನ್ನೂ ಎರಡು ಗಂಟೆ ಏಳುವಂತಿಲ್ಲ."