ಉಪ್ಪಿನ ಮರಿಗೆಗೆ ವಾರ್ನಿಷ್ ಬೇಡ, ಉಪ್ಪು ಹಾಕಿ

ನಮ್ಮ ಶಿರಸಿ ಕಡೆಯವರಿಗೆ ಉಪ್ಪಿನ ಮರಿಗೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಹಲಸಿನ ಮರದ ಒಂದೇ ತುಂಡನ್ನು ಉಳಿಯಲ್ಲಿ ತೋಡಿ ಮಾಡಿದ, ಉಪ್ಪು ತುಂಬಿಡುವ ಪಾತ್ರೆ. ಎಲ್ಲೂ ಮೊಳೆ ಇಲ್ಲ, ಕೂಡಿಸಿದ ಜಾಗ ಇಲ್ಲ. ಮೊಳೆ ಇದ್ದರೆ ಉಪ್ಪು ಅದನ್ನು ತಿಂದು ಹಾಕುತ್ತದೆ, ಸಂದು ಇದ್ದರೆ ಉಪ್ಪುನೀರು ಸೋರುತ್ತದೆ, ಅಲ್ವಾ?

ನಮ್ಮ ಅಜ್ಜಿ ಮನೆಯಲ್ಲಿ ಅದು ಒಲೆಯ ಬಲಕ್ಕೇ ಇರುತ್ತಿತ್ತು. ಮಳೆಗಾಲಕ್ಕೆ ಮೊದಲೇ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು ಮೂಟೆಯಲ್ಲಿ ಬರುತ್ತಿತ್ತು. ಅಘನಾಶಿನಿ ಸಮುದ್ರ ಸೇರುವ ಕಡೆ ಗದ್ದೆಗಳಲ್ಲಿ ಬೆಳೆಯುವ ಆ ಉಪ್ಪು ಸ್ವಲ್ಪ ಮಣ್ಣಿನ ಬಣ್ಣ. ಹರಳುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಉಳಿದಿರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಆಷಾಢದಲ್ಲಿ ಉಪ್ಪು ನೀರು ಬಿಡುವುದು. ಹಿತ್ತಾಳೆ, ಕಬ್ಬಿಣ ಯಾವುದೂ ಅದಕ್ಕೆ ತಡೆಯುವುದಿಲ್ಲ. ಮರ ಒಂದಿಷ್ಟು ನೀರು ಹೀರುತ್ತದೆ, ಒಲೆಯ ಕಾವಿಗೆ ಮತ್ತೆ ಒಣಗುತ್ತದೆ. ತಳಕ್ಕೆ ಇಳಿದ ಉಪ್ಪುನೀರನ್ನು ಅಜ್ಜಿ ಕರಟದ ಚಿಪ್ಪಿನಲ್ಲಿ ತೆಗೆದು ತಂಬುಳಿಗೆ ಹಾಕುತ್ತಿದ್ದರು. "ಒದ್ದೆ ಕೈ ಹಾಕಡ ತಂಗಿ" ಅನ್ನುವುದು ದಿನಾ ಕೇಳುತ್ತಿದ್ದ ಮಾತು.

ಆ ಮರಿಗೆಯ ಒಳಗೆ ಒಮ್ಮೆ ಬೆರಳಾಡಿಸಿ ನೋಡಬೇಕು. ನುಣುಪಾಗಿರುವುದಿಲ್ಲ. ಉಪ್ಪು ಮರದ ನಾರಿನ ಸಂದಿಗೆ ಇಳಿದು ಅಲ್ಲೇ ಹರಳು ಕಟ್ಟಿ, ವರ್ಷಗಟ್ಟಲೆ ನಾರನ್ನು ಬಿಡಿಸಿ ಬಿಡಿಸಿ, ಹಳೇ ಕಂಬಳಿ ಮುಟ್ಟಿದ ಹಾಗೆ ಜುಂಗುಜುಂಗಾಗಿರುತ್ತದೆ. ಹೊರಮೈ ಮಾತ್ರ ಹೊಗೆ, ಎಣ್ಣೆ ಕೈ ತಾಗಿ ಕಪ್ಪಗೆ ಮಿರಿಮಿರಿ. ಮೂರು ತಲೆಮಾರಿನ ಹೆಂಗಸರ ಕೈ ಅದು.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಇದಕ್ಕೆ ಒಳಗೂ ಹೊರಗೂ ವಾರ್ನಿಷ್ ಹೊಡೆಸಿ, ಪ್ಲಾಸ್ಟಿಕ್ ಹೂ ಇಟ್ಟು ಜಗಲಿಯಲ್ಲಿ ಕೂರಿಸಿದರು. ನೋಡಿ ಹೊಟ್ಟೆ ಉರಿಯಿತು. ಮೊದಲ ಮಳೆಗಾಲಕ್ಕೇ ಮರದೊಳಗಿನ ಉಪ್ಪು ಬೆವರಿ, ವಾರ್ನಿಷ್ ಬೆಳ್ಳಗಾಗಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಎಷ್ಟೋ ಮನೆಗಳಿಂದ ಈ ಮರಿಗೆಗಳು ಹಳೇ ಸಾಮಾನಿನವರ ಕೈಗೆ ಸುಮ್ನೆ ಹೋಗಿ, ರೆಸಾರ್ಟುಗಳಲ್ಲಿ ಹೂಕುಂಡ ಆಗಿವೆ. ಉಪ್ಪು ತುಂಬಲು ಮಾಡಿದ್ದನ್ನು ಬರಿದೇ ಇಟ್ಟರೆ ಅದನ್ನು ಉಳಿಸಿಕೊಂಡ ಹಾಗಾಯಿತಾ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ದಿನದ ಅಡುಗೆಯ ಅಯೋಡಿನ್ ಉಪ್ಪನ್ನು ಇದರಲ್ಲಿ ಇಡಬೇಡಿ. ತೇವ, ಗಾಳಿ ತಾಗಿದರೆ ಅಯೋಡಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಅದು ಮುಚ್ಚಳದ ಡಬ್ಬಿಯಲ್ಲೇ ಇರಲಿ. ಮಿಡಿ ಉಪ್ಪಿನಕಾಯಿಗೆ ತರುವ ಹರಳುಪ್ಪಿಗೆ ಮರಿಗೆ ಸರಿ.

ಉಪ್ಪು ಕಾಗದ ಹಿಡಿದು ನಾಲ್ಕು ದಿನ ಉಜ್ಜಿ ಒಳಗಿನ ವಾರ್ನಿಷ್ ಪೂರ್ತಿ ತೆಗೆದೆ. ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಈ ಸಲದ ಅಪ್ಪೆಮಿಡಿಗೆ ತಂದ ಐದು ಕಿಲೋ ಹರಳುಪ್ಪು ಈಗ ಅದರಲ್ಲೇ ಇದೆ, ಕರಟದ ಚಿಪ್ಪಿನ ಜೊತೆ.